ಇಂಗ್ಲೆಂಡಿನ ಹುಡುಗಿಗೆ ಹಕಾರ ಕಲಿಸಿದ್ದು

ನಾನು ಕನ್ನಡ ಮೇಡಂ. ಇಂಗ್ಲಿಷಿಗೂ ನನಗೂ ಅಷ್ಟಕ್ಕಷ್ಟೇ. ಹಾಗಿದ್ದೂ ಇಂಗ್ಲೆಂಡಿನಿಂದ ಬಂದ ಒಬ್ಬ ಹುಡುಗಿಗೆ ಇಂಗ್ಲಿಷಿನ ಹಕಾರ ಕಲಿಸುವ ಕೆಲಸ ಒಂದು ಸಲ ನನ್ನ ಪಾಲಿಗೆ ಬಂದಿತ್ತು. ಇದನ್ನು ಹೇಳಿದರೆ ಮೈಸೂರಿನಲ್ಲಿ ನನ್ನ ಜೊತೆ ಓದಿದವರು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಅವರಿಗೆ ಮಂಡ್ಯದವರು ಬಾಯಿ ತೆರೆದರೇ ನಗು.

ನಮ್ಮದು ಭಾರತೀನಗರದ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಸ್ಕೂಲು. ಮದ್ದೂರು ಕಡೆಯ ಸ್ಕೂಲುಗಳ ಹಳದಿ ವ್ಯಾನುಗಳು ನಮ್ಮೂರಿನ ಸರ್ಕಲ್ಲಿಗೇ ಬಂದು ಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ನೋಡಿ ನೋಡಿ ನಮ್ಮ ಕಾರ್ಯದರ್ಶಿಗಳಿಗೆ ತಡೆಯಲಾಗಲಿಲ್ಲ. ಎಲ್ಲೆಲ್ಲೋ ವಿಚಾರಿಸಿ, ಯಾರು ಯಾರಿಗೋ ಮೇಲ್ ಹಾಕಿಸಿ, ಏಷ್ಯಾದ ಊರುಗಳಿಗೆ ಹೊಸ ಟೀಚರುಗಳನ್ನು ಕಳಿಸುವ ಒಂದು ಸಂಸ್ಥೆಯನ್ನು ಹಿಡಿದರು. ಆ ವರ್ಷ ಸ್ಕೂಲು ಶುರುವಾಗುವ ಮೊದಲೇ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಎದ್ದಿತು. ಅದರಲ್ಲಿ ನಮ್ಮ ಸ್ಕೂಲಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಇಂಗ್ಲೆಂಡಿನ ಟೀಚರ್' ಅಂತ ಇತ್ತು.

ಅವಳಿಗೆ ಆಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಇಂಗ್ಲೆಂಡಿನ ಉತ್ತರಕ್ಕೆ, ಬಟ್ಟೆ ಗಿರಣಿಗಳೆಲ್ಲ ಮುಚ್ಚಿಹೋದ ಒಂದು ಹಳೆಯ ಊರು ಅವಳದು. ಸಂಸ್ಥೆಯವರಿಗೆ ಸಮುದ್ರ ಇರುವ ಊರು ಕೊಡಿ ಅಂತ ಬರೆದುಕೊಟ್ಟಿದ್ದಳಂತೆ. ಅವರು ಕೊಟ್ಟಿದ್ದು ನಮ್ಮ ನಾಲೆ. ಉಳಿದುಕೊಳ್ಳಲಿಕ್ಕೆ ನಮ್ಮ ಮನೆಯ ಮಹಡಿ ಮೇಲಿನ ರೂಮು. ಅಪ್ಪ ಆತಗೂರಿನ ಹತ್ತಿರದ ಊರಿನಲ್ಲಿ ಜಮೀನು ನೋಡಿಕೊಂಡು ಇರುತ್ತಿದ್ದರು. ನನ್ನ ಕೆಲಸದ ಸಲುವಾಗಿ ಅವ್ವ ನನ್ನ ಜೊತೆ ಭಾರತೀನಗರದಲ್ಲಿದ್ದಳು. ಇಬ್ಬರೇ ಹೆಂಗಸರಿರುವ ಮನೆ, ಪರದೇಶದ ಹುಡುಗಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ಕಾರ್ಯದರ್ಶಿಗಳೇ ತೀರ್ಮಾನ ಮಾಡಿದರು. ನಮ್ಮನ್ನು ಕೇಳಿದ್ದು ಆಮೇಲೆ.

ಮೊದಲ ತಿಂಗಳು ಅವಳನ್ನು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಬಕೆಟ್ಟಿನಲ್ಲಿ ನೀರು ತುಂಬಿಟ್ಟುಕೊಳ್ಳಬೇಕು ಅಂತ ಗೊತ್ತಿಲ್ಲದೆ ಮೈಯೆಲ್ಲ ಸೋಪು ಹಚ್ಚಿಕೊಂಡು ನಲ್ಲಿ ಮುಂದೆ ನಿಂತಿರುತ್ತಿದ್ದಳು. ಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಅಗಿದಳು. ಬೀದಿಗೆ ಇಳಿದರೆ ಸಾಕು, ಕಂಡವರೆಲ್ಲ ಮದುವೆ ಆಗಿದೆಯಾ ಅಂತ ಕೇಳುತ್ತಿದ್ದರು. ಆಗಿಲ್ಲ ಅಂದರೆ ಯಾಕೆ ಅಂತ ಕೇಳುತ್ತಿದ್ದರು. ಪರದೇಶದವಳು ಅಂತ ಅವಳ ಹೆಸರು ಬರೆಸಲು ಮಂಡ್ಯದ ಪೊಲೀಸ್ ಆಫೀಸಿಗೆ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಾ ಹೋದ ಆ ದಾರಿಯಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಅತ್ತಳು. ನಾನು ನೋಡದ ಹಾಗೆ ಇದ್ದೆ. ಅಷ್ಟು ದೂರ ಬಂದವಳಿಗೆ ಅಳುವ ಸ್ವಾತಂತ್ರ್ಯವಾದರೂ ಇರಲಿ ಅಂತ.

ಅವಳನ್ನು ಸರಿ ಮಾಡಿದ್ದು ಅವ್ವ. ನನಗೆ ಸ್ಕೂಲು, ನೋಟ್ಸು, ತಿದ್ದುವ ಪೇಪರು. ಅವ್ವನಿಗೆ ಪುರುಸೊತ್ತು. ಸಂಜೆ ಆ ಹುಡುಗಿ ಮೆಟ್ಟಿಲು ಇಳಿದು ಬಂದು ಜಗಲಿ ಮೇಲೆ ಕೂತರೆ ಅವ್ವ ಒಂದು ತಟ್ಟೆ ಸೊಪ್ಪೋ ಕಾಯೋ ಅವಳ ತೊಡೆ ಮೇಲೆ ಇಟ್ಟುಬಿಡುತ್ತಿದ್ದಳು. ಬಿಡಿಸುತ್ತಾ ಬಿಡಿಸುತ್ತಾ ಅವ್ವ ಕನ್ನಡದಲ್ಲಿ ಮಾತಾಡುತ್ತಿದ್ದಳು, ಅವಳು ಇಂಗ್ಲಿಷಿನಲ್ಲಿ. ಇಬ್ಬರಿಗೂ ಒಬ್ಬರದು ಒಬ್ಬರಿಗೆ ಅರ್ಥವಾಗುತ್ತಿದೆ ಎಂಬ ಪೂರ್ತಿ ನಂಬಿಕೆ. ದಸರಾ ಹೊತ್ತಿಗೆ ಅವಳು ಕನ್ನಡ ಕಲಿತಳು. ಕನ್ನಡ ಎಂ.ಎ. ಮಾಡಿದ ನಾನು ಮನೆಯಲ್ಲೇ ಇದ್ದೆ, ಆದರೆ ಕಲಿತದ್ದು ಅವ್ವನ ಹತ್ತಿರ. ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿ, ಬಾಗಿಲಲ್ಲಿ ನಿಂತು, "ಅವ್ವ, ಓಯ್ತೀನಿ, ಬತ್ತೀನಿ" ಅಂತ ಕೂಗುವಳು. ನನ್ನ ಕಿವಿಗೆ ಕಾದ ಎಣ್ಣೆ ಬಿದ್ದ ಹಾಗಾಗುತ್ತಿತ್ತು.

ನನ್ನ ಈ ಕಾಯಿಲೆ ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಹಕಾರ ಬಾಯಿಗೆ ಬರುವುದಿಲ್ಲ. ಹಾಲು ಅಂದರೆ ಆಲು, ಹಳ್ಳಿ ಅಂದರೆ ಅಳ್ಳಿ. ನಾನೂ ಹಾಗೇ ಬೆಳೆದವಳು. ಮೈಸೂರಿನ ಹಾಸ್ಟೆಲಿನಲ್ಲಿ ಆಡಿಕೊಂಡ ಮೇಲೆ ಹಟ ಹಿಡಿದು ಕಲಿತೆ. ಕಷ್ಟಪಟ್ಟು ಕಲಿತದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಸ್ವಭಾವ ನನ್ನದಲ್ಲ. ಮೇಡಂ ಆದ ಮೊದಲ ದಿನದಿಂದಲೂ ಮಕ್ಕಳ ಮೇಲೆ ಬಿದ್ದೆ. "ಹಾಲು ಅನ್ನು. ಆಲು ಅಲ್ಲ." ಮಕ್ಕಳು ಹೆದರಿ ಎಲ್ಲ ಕಡೆಗೂ ಹಕಾರ ಸೇರಿಸುತ್ತಿದ್ದವು. ಒಬ್ಬ ಪಾಠ ಓದುತ್ತಾ 'ಹಾನೆ ಹೂಟ ಮಾಡಿತು' ಅಂದಿದ್ದ. ಆನೆಗೂ ಊಟಕ್ಕೂ ಇಲ್ಲದ ಹಕಾರ ಕೊಟ್ಟು ಹಾಡು, ಹಳ್ಳಿ ಅನ್ನುವ ಪದಗಳಿಂದ ಕಿತ್ತುಕೊಳ್ಳುತ್ತಿದ್ದವು. ಆದರೂ ನಾನು ಪಟ್ಟು ಬಿಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಪಕ್ಕದ ಎರಡನೇ ಕ್ಲಾಸಿನಿಂದ ಅವಳ ದನಿ ಕೇಳಿತು. ಗೋಡೆಗೆ ಕಿವಿ ಕೊಟ್ಟೆ. ಅವಳು ಮನೆಗೆ ಔಸ್ ಅನ್ನುತ್ತಿದ್ದಳು. ಕೈಗೆ ಆ್ಯಂಡ್. ಸಂತೋಷಕ್ಕೆ ಆ್ಯಪಿ. ಮಕ್ಕಳೆಲ್ಲ ಒಟ್ಟಿಗೆ, ಛಾವಣಿ ಹಾರುವಂತೆ, ಔಸ್, ಆ್ಯಂಡ್, ಆ್ಯಪಿ. ಜೀವನದಲ್ಲಿ ಮೊದಲನೇ ಸಲ ಒಬ್ಬ ಮೇಡಮ್ಮು ತಮ್ಮ ಹಾಗೇ ಮಾತಾಡುತ್ತಿದ್ದಾಳೆ ಅಂತ ಅವಕ್ಕೆ ಏನು ಖುಷಿಯೋ. ಗೋಡೆಯ ಈ ಕಡೆ ನಾನು ಹಕಾರ ತಿದ್ದುತ್ತಿದ್ದೆ, ಆ ಕಡೆ ಇಂಗ್ಲೆಂಡೇ ಬಂದು ಹಕಾರ ನುಂಗುತ್ತಿತ್ತು.

ಸಂಜೆ ಮನೆಯಲ್ಲಿ ಕೇಳಿದೆ. ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಅವರ ಊರೆಲ್ಲ ಹಾಗೇ ಅಂತೆ. ಅವಳನ್ನು ಸಾಕಿದ ಅಜ್ಜಿ ಗಿರಣಿಯಲ್ಲಿ ನೂಲು ತೆಗೆದವಳು, ಅಜ್ಜಿಯ ಬಾಯಿಂದ ಹಕಾರ ಬಂದದ್ದನ್ನು ಇವಳು ಕೇಳಿಯೇ ಇಲ್ಲವಂತೆ. ದಕ್ಷಿಣದ ಕಡೆಯವರು ಅವರನ್ನು ಆಡಿಕೊಳ್ಳುತ್ತಾರಂತೆ. ನಾನು ಅವ್ವನಿಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಇಂಗ್ಲೆಂಡಿನಲ್ಲೂ ಒಂದು ಮಂಡ್ಯ ಇದೆ ಅಂತ ನನಗೆ ಆಶ್ಚರ್ಯವೋ ಆಶ್ಚರ್ಯ. ಅವ್ವನಿಗೆ ಆಶ್ಚರ್ಯ ಏನೂ ಆಗಲಿಲ್ಲ.

"ಅಂಗಾರೆ ಅವ್ರೂ ನಮ್ಮೋರೇ ಬುಡು" ಅಂದಳು.

ಭಾನುವಾರ ಭಾನುವಾರ ಆ ಅಜ್ಜಿಯ ವಿಡಿಯೋ ಕಾಲು ಬರುತ್ತಿತ್ತು. ನೆಟ್ವರ್ಕು ಜಗಲಿಯಲ್ಲೇ ಚೆನ್ನಾಗಿ ಸಿಗುತ್ತಿದ್ದರಿಂದ ನಮ್ಮ ಮುಂದೆಯೇ ಎಲ್ಲ ಮಾತು. ದಪ್ಪ ಕನ್ನಡಕದ, ಗಟ್ಟಿ ದನಿಯ ಮುದುಕಿ. ಕೊನೆಯಲ್ಲಿ ಅವ್ವ ಫೋನಿನೊಳಗೆ ಮುಖ ತೂರಿಸಿ "ಉಂಡ್ರಾ?" ಅಂತ ಕೇಳುವಳು, ಅಜ್ಜಿ ಅಲ್ಲಿಂದ ಕೈ ಬೀಸುವಳು. ಆ ಹೊತ್ತಿನಲ್ಲಿ ಆ ಹುಡುಗಿಯ ಮುಖ ನೋಡಬೇಕು. ನನಗೆ ಅವಳ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು ಅಂಥ ಭಾನುವಾರಗಳಲ್ಲೇ.

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು, ಒಬ್ಬ ತಂದೆ ಬಂದು ಗಲಾಟೆ ಮಾಡುವವರೆಗೆ. ಆತ ರಸ್ತೆ ಕಂಟ್ರಾಕ್ಟರು. ಮಗಳನ್ನು ಮೈಸೂರಿನ ಬೀಗರ ಮನೆಯ ಬರ್ತ್‌ಡೇಗೆ ಕರೆದುಕೊಂಡು ಹೋಗಿದ್ದನಂತೆ. ನಮ್ಮ ಮಗುವಿಗೆ ಇಂಗ್ಲೆಂಡಿನ ಮಿಸ್ಸು ಪಾಠ ಮಾಡ್ತಾರೆ ಅಂತ ಎಲ್ಲರ ಮುಂದೆ ಹೇಳಿಕೊಂಡು, ಮಗಳಿಗೆ ಹಾಡಮ್ಮಾ ಅಂದಿದ್ದಾನೆ. ಮಗು ಎದೆಯುಬ್ಬಿಸಿಕೊಂಡು "ಆ್ಯಪಿ ಬರ್ತ್‌ಡೇ" ಅಂತ ಹಾಡಿದೆ. ಬೀಗರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದಾರೆ. ತಮ್ಮ ಮನೆಯ ಅಜ್ಜಿಯ ಸಹವಾಸದಿಂದ ಹೀಗಾಗಿದೆ ಅಂತ ಮಗುವನ್ನು ಗದರಿಸಿದರೆ, ಇಲ್ಲ, ನಮ್ಮ ಮಿಸ್ಸೇ ಹಾಗೆ ಹೇಳುವುದು ಅಂದಿದೆ. ಮಾರನೇ ದಿನ ಆತ ಕಿಟಕಿಯ ಹೊರಗೆ ನಿಂತು ಅವಳ ಕ್ಲಾಸು ಕೇಳಿ, ನೇರ ಕಾರ್ಯದರ್ಶಿಗಳ ರೂಮಿಗೆ ನುಗ್ಗಿದ. ನನಗೂ ಕರೆ ಬಂತು.

"ಪಾಸ್‌ಪೋರ್ಟ್ ಸರಿಯಾಗ್ ನೋಡಿದ್ರಾ ಸಾ?" ಅಂತ ಆತ ಕೇಳುತ್ತಿದ್ದ. "ಈಗ ಎಲ್ಲಾದ್ರಲ್ಲೂ ಡೂಪ್ಲಿಕೇಟ್ ಬತ್ತಾವೆ."

ಕಾರ್ಯದರ್ಶಿಗಳು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನನ್ನನ್ನು ಕಂಡಿದ್ದೇ ಶುರು ಮಾಡಿದರು. "ನೀವೇ ಏಳಿ ಮೇಡಂ. ಎಚ್ ಬರ್ದೇ ಇದ್ ಮೇಲೆ ಅದೆಂಗೆ ಇಂಗ್ಲಿಷಾಯ್ತದೆ? ಈ ಭಾಗ್ಯಕ್ಕೆ ವಿಮಾನದಲ್ಲಿ ಯಾಕ್ ಕರುಸ್ಬೇಕಿತ್ತು? ಆತಗೂರಿಂದ ಯಾರ್ನಾದ್ರೂ ಬಸ್ನಲ್ಲಿ ಕರ್ಕೊಂಡ್ ಬತ್ತಿದ್ದೆ."

ಅವಳ ಊರಿನ ಮಾತೇ ಹಾಗೆ ಅಂತ ನಾನು ಹೇಳಿ ನೋಡಿದೆ. ಪ್ರಯೋಜನ ಆಗಲಿಲ್ಲ. ಜನವರಿಯಲ್ಲಿ ಸ್ಕೂಲ್ ಡೇ ಇತ್ತು. ಟ್ರಸ್ಟಿಗಳು, ತಂದೆತಾಯಿಗಳು ಎಲ್ಲರೂ ಬರುತ್ತಾರೆ. ಅವಳು ಸ್ಟೇಜಿನ ಮೇಲೆ ನಿಂತು ಸರಿಯಾದ ಇಂಗ್ಲಿಷಿನಲ್ಲಿ ಭಾಷಣ ಮಾಡಬೇಕು. ಹಕಾರ ಸರಿಯಾಗಿ ಬಂದರೆ ಅವಳ ವೀಸಾ ಇನ್ನೊಂದು ವರ್ಷ ಮುಂದುವರಿಯಲು ಸ್ಕೂಲಿನ ಪತ್ರ. ಬರದಿದ್ದರೆ ಪತ್ರ ಇಲ್ಲ, ಪರೀಕ್ಷೆ ಮುಗಿದ ಮೇಲೆ ಅವಳ ಊರಿಗೆ ಅವಳು. ಆ ತಂದೆಗೆ ಈ ತೀರ್ಪು ಒಪ್ಪಿಗೆಯಾಯಿತು.

"ಕಲ್ಸೋದು ಯಾರು ಸಾರ್?" ಅಂತ ಕೇಳಿದೆ.

"ನೀವೇ. ಎಚ್ ವಿಚಾರದಲ್ಲಿ ಈ ಸ್ಕೂಲ್ನಲ್ಲಿ ನಿಮ್ ಬುಟ್ರೆ ಇನ್ಯಾರವ್ರೆ?"

ಹೊಗಳಿಕೆ ಅಂದರೆ ಯಾರಿಗೆ ಬೇಡ. ಆದರೆ ಅವತ್ತು ಆ ಹೊಗಳಿಕೆ ಹೊತ್ತುಕೊಂಡು ಮನೆಗೆ ಹೋಗುವುದು ಬಲು ಕಷ್ಟವಾಯಿತು.

ಆ ಹುಡುಗಿ ಮಹಡಿ ಮೇಲೆ ಒಗೆದ ಬಟ್ಟೆ ಒಣಹಾಕುತ್ತಿದ್ದಳು. ಸಕ್ಕರೆ ಫ್ಯಾಕ್ಟರಿಯ ಚಿಮಣಿಯಿಂದ ಬಂದ ಕರಿ ಅವಳ ಬಿಳಿ ಅಂಗಿಯ ಮೇಲೆ ಕೂತಿತ್ತು, ಅದನ್ನು ಬೆರಳಿನಲ್ಲಿ ಕೊಡವುತ್ತಿದ್ದಳು. ನಾನು ಸುತ್ತಿ ಬಳಸದೆ ಹೇಳಿಬಿಟ್ಟೆ. ಅವಳು ಕೋಪ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಮಾಡಿಕೊಳ್ಳಲಿಲ್ಲ. ನೀರಿನ ಟ್ಯಾಂಕಿಗೆ ಒರಗಿ ಕೂತು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಟೀಚರ್ ಟ್ರೇನಿಂಗ್ ಮಾಡುವಾಗ ಅಲ್ಲಿಯ ಮೇಲ್ವಿಚಾರಕಿಯೂ ಇದನ್ನೇ ಹೇಳಿದ್ದಳಂತೆ. ನಿನ್ನ ಪಾಠ ಚೆನ್ನಾಗಿದೆ, ನಿನ್ನ ಬಾಯಿ ತಿದ್ದಿಕೋ, ಇದು ಕ್ಲಾಸ್ ರೂಮು, ನಿಮ್ಮ ಅಡುಗೆಮನೆ ಅಲ್ಲ ಅಂತ. ಆ ಮಾತು ಇಲ್ಲಿಯವರೆಗೆ ಹಿಂದೆ ಬರಲಾರದು ಅಂತ ನಂಬಿಕೊಂಡು ಬಂದೆ ಅಂದಳು.

ನನಗೆ ತುಂಬಾ ಬೇಜಾರಾಯಿತು. ಹಾಗಾದರೆ ಹೋಗಿಬಿಡು, ಯಾಕೆ ಈ ಸಹವಾಸ ಅಂದೆ. ಅವಳು ತಲೆ ಆಡಿಸಿದಳು. ಅವಳ ಕ್ಲಾಸಿನಲ್ಲಿ ಮಳವಳ್ಳಿ ರಸ್ತೆಯ ಬೈಕ್ ಮೆಕ್ಯಾನಿಕ್ಕನ ಮಗಳೊಬ್ಬಳು ಇದ್ದಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷು. ಮೂರರ ನಡುವೆ ಸಿಕ್ಕಿಕೊಂಡು ಆ ಮಗು ಎರಡು ವರ್ಷ ಬಾಯಿಯೇ ತೆರೆದಿರಲಿಲ್ಲ. ದೀಪಾವಳಿ ಕಳೆದ ಮೇಲೆ ಇದ್ದಕ್ಕಿದ್ದ ಹಾಗೆ ಒಂದು ಪುಟ ಪೂರ್ತಿ ಓದಿತ್ತು. "ಎಲ್ಲಾರೂ ಈಗ ಓದ್ತಾವ್ರೆ" ಅಂದಳು ಅವಳು, ಅವ್ವನ ಕನ್ನಡದಲ್ಲಿ. "ನಾ ಈಗ ಓಗಕ್ಕಿಲ್ಲ." ಹೋಗುವುದಿಲ್ಲ ಅಂತ ತಿದ್ದಲು ಬಾಯಿವರೆಗೆ ಬಂತು. ತಿದ್ದದೆ ಉಳಿದ ಬಟ್ಟೆ ಒಣಹಾಕಿದೆ.

ಮಾರನೇ ದಿನದಿಂದ ಪಾಠ. ನ್ಯೂಸ್ ಪೇಪರಿನ ಸಣ್ಣ ಪಟ್ಟಿ ಹರಿದು ಬಾಯಿ ಮುಂದೆ ಹಿಡಿದುಕೊಳ್ಳಬೇಕು. ಹಕಾರ ಸರಿಯಾಗಿ ಬಂದರೆ ಉಸಿರು ತಾಗಿ ಪಟ್ಟಿ ಅಲ್ಲಾಡುತ್ತದೆ. ನಾನು ಹಾಸ್ಟೆಲಿನಲ್ಲಿ ಕಲಿತದ್ದು ಇದೇ ರೀತಿ. ಅವಳು ಪಟ್ಟಿ ಹಿಡಿದು ಹೌಸ್, ಹ್ಯಾಂಡ್, ಹ್ಯಾಪಿ ಅನ್ನುವಳು. ಒಂದೊಂದು ಪದವಾದರೆ ಚೆನ್ನಾಗಿ ಬರುತ್ತಿತ್ತು. ವಾಕ್ಯ ಓದು ಅಂದರೆ ಗಾಬರಿಯಾಗಿ ಆ್ಯಪಲ್ಲಿಗೂ ಎಗ್ಗಿಗೂ ಹಕಾರ ಹಚ್ಚುತ್ತಿದ್ದಳು. ಹ್ಯಾಪಲ್, ಹೆಗ್. ನನಗೆ ನಮ್ಮ ಮಕ್ಕಳ 'ಹಾನೆ' ನೆನಪಾಗಿ ನಗು ತಡೆಯಲಾಗದೆ ಮುಖ ಮುಚ್ಚಿಕೊಂಡೆ. ಯಾಕೆ ಅಂತ ಕೇಳಿದಳು. ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದ ಅವ್ವನಿಗೆ ಮಾತ್ರ ಇದು ಹಿಡಿಸಲಿಲ್ಲ. "ಅದ್ಯಾಕೆ ಆ ಮಗೀಗೆ ಎದೆ ನೋವ್ ಬರೋ ಅಂಗೆ ಊದುಸ್ತಿದ್ದೀಯ?" ಅಂದಳು.

"ಊದೋದಲ್ಲವ್ವ. ಹಕಾರ."

"ಅದಿಲ್ದೆ ಇದ್ರೆ ಏನಾಯ್ತದೆ?"

"ಕೆಲಸ ಹೋಗುತ್ತೆ."

"ನಂಗೂ ಬರಕ್ಕಿಲ್ಲ. ನನ್ನ ಯಾರೂ ಕೆಲ್ಸದಿಂದ ತೆಗ್ದಿಲ್ವಲ್ಲ" ಅಂದಳು ಅವ್ವ. ಅವಳನ್ನು ಕೆಲಸದಿಂದ ತೆಗೆದರೆ ನಾವೆಲ್ಲ ಉಪವಾಸ ಅಂತ ಅವಳಿಗೂ ಗೊತ್ತಿತ್ತು.

ಭಾಷಣವನ್ನು ಅವಳೇ ಬರೆದಳು. ನಾನು ಕೆಂಪು ಪೆನ್ನಿನಲ್ಲಿ ಎಲ್ಲೆಲ್ಲಿ ಎಚ್ ಅಕ್ಷರ ಇದೆಯೋ ಅಲ್ಲೆಲ್ಲ ಗೆರೆ ಎಳೆದೆ. ಮೊದಲನೇ ಸಾಲಿನಲ್ಲೇ, ಟ್ರಸ್ಟಿಗಳಿಗೆ ಮಾನ್ಯರೇ ಅನ್ನುವ ಜಾಗದಲ್ಲಿ, ಒಂದು ದೊಡ್ಡ ಎಚ್. ಅದಕ್ಕೆ ಎರಡು ಗೆರೆ ಎಳೆದೆ. ಅವಳು ನೋಡಿ, ಇದನ್ನು ಅನ್ನುವ ಹಾಗಿಲ್ಲ ಅಂದಳು. ಆನರ್ ಅನ್ನಬೇಕು, ಹಾನರ್ ಅಲ್ಲ. ಬರೆಯುತ್ತಾರೆ, ಹೇಳುವುದಿಲ್ಲ. ಪ್ರಾಮಾಣಿಕ ಅನ್ನುವ ಆನೆಸ್ಟ್ ಪದವೂ ಹಾಗೇ. ರಾಜಮನೆತನದವರೂ ಹಾಗೇ ಅನ್ನುತ್ತಾರೆ, ಅಲ್ಲಿ ಹಕಾರ ಹಾಕಿದವನೇ ದಡ್ಡ.

ನನಗೆ ಮೈ ಉರಿದುಹೋಯಿತು. ಮರ್ಯಾದೆ ಅನ್ನುವ ಪದದಲ್ಲೇ ಹಕಾರ ಬಿಟ್ಟರೆ ಅದು ಮರ್ಯಾದೆ, ಮನೆ ಅನ್ನುವಾಗ ಬಿಟ್ಟರೆ ಅವಮಾನ. ಇದೆಂಥ ನ್ಯಾಯ. ಬೆಳಿಗ್ಗೆ ಎದ್ದು ಕಾಫಿಯನ್ನೂ ಪೂರ್ತಿ ಕುಡಿಯದೆ ಕಾರ್ಯದರ್ಶಿಗಳ ಹತ್ತಿರ ಹೋದೆ. ಆ ಕಾಗದವನ್ನು ಮೇಜಿನ ಮೇಲೆ ಹರಡಿ, ಸಾರ್, ಇಂಗ್ಲಿಷಿನವರೇ ಹಕಾರ ಬಿಡುತ್ತಾರೆ, ದೊಡ್ಡ ದೊಡ್ಡ ಪದಗಳಲ್ಲೇ ಬಿಡುತ್ತಾರೆ ಅಂತ ತೋರಿಸಿದೆ. ಈ ಕೇಸನ್ನು ಗೆದ್ದೇ ಬಿಟ್ಟೆ ಅಂತ ನನ್ನ ಲೆಕ್ಕ.

ಅವರು ಕನ್ನಡಕ ಏರಿಸಿ ಓದಿದರು. ಯೋಚನೆ ಮಾಡಿದರು. "ನಿಜ ಮೇಡಂ. ಆದ್ರೆ ಇದು ದೊಡ್ಡೋರು ಬುಟ್ಟಿರೋದು. ಅದು ಇವ್ರು ಬುಟ್ಟಿರೋದು. ಎಲ್ಡೂ ಒಂದೇನಾ?"

ಆ ಮನುಷ್ಯ ಕೆಟ್ಟವನಲ್ಲ. ಹೊಲ ಮಾರಿ ಸ್ಕೂಲು ಕಟ್ಟಿದವನು. ತನ್ನ ಜನ ಮೈಸೂರಿನ ಬೀಗರ ಮುಂದೆ ತಲೆ ತಗ್ಗಿಸಬಾರದು ಅನ್ನುವುದೊಂದೇ ಅವನ ಆಸೆ. ಕಾಗದ ಮಡಚಿಕೊಂಡು ಕ್ಲಾಸಿಗೆ ಹೋದೆ.

ಸ್ಕೂಲ್ ಡೇ ದಿನ ಶಾಮಿಯಾನ ತುಂಬಿತ್ತು. ಅವ್ವ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಟ್ರಸ್ಟಿಗಳ ಪಕ್ಕದಲ್ಲೇ ಕೂತುಬಿಟ್ಟಿದ್ದಳು, ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕಂಟ್ರಾಕ್ಟರು ಎರಡನೇ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದ. ಆ ಹುಡುಗಿ ಅವ್ವನ ಹಸಿರು ಸೀರೆ ಉಟ್ಟಿದ್ದಳು. ಪಿನ್ನು ಹಾಕಿದ್ದು ನಾನು. ಅವಳು ಹೋಗಿಬಿಟ್ಟರೆ ನಮ್ಮ ಜಗಲಿ ಏನಾಗುತ್ತದೆ ಅಂತ ಯೋಚನೆ ಬಂತು.

ಅವಳು ಮೈಕಿನ ಮುಂದೆ ನಿಂತಳು. ಮಾನ್ಯರೇ ಅನ್ನುವಾಗ ಹಕಾರ ಬಿಟ್ಟಳು, ಅದು ಸರಿ. ಆಮೇಲೆ ಒಂದೂ ಬಿಡಲಿಲ್ಲ. ಒಂದೊಂದು ಹಕಾರಕ್ಕೂ ನಿಂತು, ಉಸಿರು ತೆಗೆದುಕೊಂಡು, ಮೈಕಿನಲ್ಲಿ ಒಲೆ ಊದಿದ ಹಾಗೆ ಸದ್ದು ಬರುವಂತೆ ಹೇಳಿದಳು. ಹೌಸ್ ಬಂತು. ಹ್ಯಾಪಿ ಬಂತು. ಹೋಪ್ ಅಂತೂ ಶಾಮಿಯಾನದ ಕೊನೆಯವರೆಗೆ ಹೋಯಿತು. ಹೆಚ್ಚಿನ ಒಂದು ಹಕಾರವೂ ಎಲ್ಲೂ ನುಸುಳಲಿಲ್ಲ. ಸ್ಟೇಜಿನ ಪಕ್ಕದಲ್ಲಿ ಅವಳ ಕ್ಲಾಸಿನ ಮಕ್ಕಳನ್ನು ಸಾಲು ನಿಲ್ಲಿಸಿಕೊಂಡು ನಾನು ಒಳಗೊಳಗೇ ಬೀಗುತ್ತಿದ್ದೆ. ಮೆಕ್ಯಾನಿಕ್ಕನ ಮಗಳು ನನ್ನ ಸೆರಗು ಎಳೆದಳು.

"ನಮ್ ಮಿಸ್ಸಿಗೆ ಉಸಾರಿಲ್ವಾ ಮೇಡಂ?"

ಚೆನ್ನಾಗಿದ್ದಾರೆ, ಸುಮ್ಮನೆ ನಿಂತುಕೋ ಅಂದೆ.

ಚಪ್ಪಾಳೆ ಬಿತ್ತು. ಕಂಟ್ರಾಕ್ಟರು ಎದ್ದು ನಿಂತು ತಟ್ಟಿದ. ಪಾಪ, ಆಮೇಲೆ ಬಂದು ಅವಳಿಗೆ ಕೈ ಮುಗಿದು, ಫ್ಯಾಮಿಲಿ ಸಮೇತ ಫೋಟೋ ತೆಗೆಸಿಕೊಂಡ. ಕಾರ್ಯದರ್ಶಿಗಳು ಊಟದ ಹೊತ್ತಿನಲ್ಲಿ ಸೀಲು ಒತ್ತಿದ ಪತ್ರವನ್ನು ಅವಳ ಕೈಗೆ ಕೊಟ್ಟು, "ಅಂಡ್ರೆಡ್ ಪರ್ಸೆಂಟ್ ಮಿಸ್, ಅಂಡ್ರೆಡ್ ಪರ್ಸೆಂಟ್" ಅಂದರು. ಅವಳು ನನ್ನನ್ನು ಎಲ್ಲರ ಮುಂದೆ ತಬ್ಬಿಕೊಂಡಳು. ಆ ಪತ್ರದ ಮೇಲೆ ಅವಳು ಇನ್ನೊಂದು ವರ್ಷ ನಮ್ಮ ಮಹಡಿಯಲ್ಲೇ ಇದ್ದಳು, ಎರಡನೇ ಕ್ಲಾಸಿನ ಮಕ್ಕಳ ಜೊತೆ ಮೂರನೇ ಕ್ಲಾಸಿಗೂ ಹೋದಳು. ಅವತ್ತು ನನಗೆ ಆದ ಸಂತೋಷಕ್ಕೆ ಪಾರವೇ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಕರೆಂಟು ಇರಲಿಲ್ಲ. ಕತ್ತಲಾಗುತ್ತಿತ್ತು. ಭಾನುವಾರ ಅಲ್ಲದಿದ್ದರೂ ಅಜ್ಜಿಗೆ ಸುದ್ದಿ ಹೇಳಬೇಕು ಅಂತ ಅವಳು ಸೀರೆ ಬಿಚ್ಚುವುದಕ್ಕೂ ಕಾಯದೆ ಜಗಲಿ ಮೇಲೆ ಕೂತು ಫೋನು ಮಾಡಿದಳು. ಫೋನಿನಲ್ಲಿ ಅಜ್ಜಿಯ ಮುಖ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮ ಕಡೆಯದು ಬರೀ ಕತ್ತಲೆ ಕಂಡಿರಬೇಕು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಸ್ಕೂಲು, ಭಾಷಣ, ಇನ್ನೊಂದು ವರ್ಷ, ಎಷ್ಟು ಸಂತೋಷ. ದಿನವಿಡೀ ಬಿಗಿದು ಹಿಡಿದಿದ್ದ ಬಾಯಿ ಇನ್ನೂ ಸಡಿಲವಾಗಿರಲಿಲ್ಲ. ಹ್ಯಾಪಿ ಅಂದಳು, ಹ್ಯಾವ್ ಅಂದಳು, ಹಿಯರ್ ಅಂದಳು. ನಾನು ಕಲಿಸಿದ ಪ್ರತಿಯೊಂದು ಹಕಾರವೂ ಅದರ ಜಾಗದಲ್ಲಿತ್ತು.

ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ಫೋನನ್ನು ಹತ್ತಿರ ತಂದುಕೊಂಡಳು. ಯಾರಮ್ಮಾ ನೀನು ಅಂತ ಕೇಳಿದಳು. ಆಸ್ಪತ್ರೆಯ ನರ್ಸಿನ ಹತ್ತಿರ ಮಾತಾಡುವಂಥ ಮರ್ಯಾದೆಯ ದನಿ. ಆಮೇಲೆ, ನಮ್ಮ ಹುಡುಗಿಗೆ ಏನಾದರೂ ಆಗಿದೆಯಾ, ಫೋನು ಅವಳ ಕೈಗೆ ಕೊಡು ಅಂದಳು.

ಅವಳು ನಾನೇ ಅನ್ನಲು ಹೋದಳು. ಆಗಲಿಲ್ಲ. ಬಾಯಿ ಮುಚ್ಚಿಕೊಂಡು ಅಳಲು ಶುರು ಮಾಡಿದಳು. ಫೋನು ಮಡಿಲಿಗೆ ಬಿತ್ತು, ಅಲ್ಲಿಂದ ಅಜ್ಜಿ ಯಾರು ಯಾರು ಅಂತ ಕೂಗುತ್ತಲೇ ಇದ್ದಳು. ನಾನು ಕಲಿಸಿದ್ದನ್ನು ಅವಳು ಚೆನ್ನಾಗಿ ಕಲಿತಿದ್ದಳು.

ಅವ್ವನಿಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಇಲ್ಲಿ ಒಂದು ಮಗು ಅಳುತ್ತಿದೆ, ಅಲ್ಲಿ ಒಬ್ಬಳು ಮುದುಕಿ ಹೆದರಿದ್ದಾಳೆ, ಅಷ್ಟು ಅವ್ವನಿಗೆ ಸಾಕಾಗಿತ್ತು. ಮಡಿಲಿನಿಂದ ಫೋನು ತೆಗೆದುಕೊಂಡು ಮುಖದ ಹತ್ತಿರ ಹಿಡಿದಳು.

"ಇಲ್ಲೇ ಅವ್ಳೆ ಕಣವ್ವ ನಿಮ್ ಉಡ್ಗಿ" ಅಂದಳು. "ಎಲ್ಲೂ ಓಗಿಲ್ಲ. ಎದ್ರುಕೋಬ್ಯಾಡಿ. ಇಲ್ಲೇ ನನ್ ಮಗ್ಗುಲಲ್ಲೇ ಕುಂತವ್ಳೆ."

ಅವ್ವನ ದನಿ ಗುರುತು ಸಿಕ್ಕಿರಬೇಕು, ಆ ಕಡೆ ಕೂಗು ನಿಂತಿತು. ಅವಳು ಹಸಿರು ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಫೋನಿಗೆ ಕೈ ಚಾಚಿದಳು.

"ಅಲೋ" ಅಂದಳು.

"ಅಲೋ" ಅಂದಳು ಅಜ್ಜಿ.